11 ಗೆದ್ದು ನೇವಿಗೆ ಸೋತರೆ ಆ ಸೀಸನ್ ಗೆದ್ದಂತಾ, ಸೋತಂತಾ? (ವೆಸ್ಟ್ ಪಾಯಿಂಟ್ 2024)

ಹಡ್ಸನ್‌ದಂಡೆ · 15 ಡಿಸೆಂಬರ್ 2024

ನಿನ್ನೆ ಲ್ಯಾಂಡೋವರ್‌ನಲ್ಲಿ ಆಗಿದ್ದನ್ನು ನೋಡಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನೇವಿ 31, ಆರ್ಮಿ 13. ಮನೆಯಲ್ಲಿ ಯಾರಿಗೂ ಈ ಅಮೆರಿಕನ್ ಫುಟ್‌ಬಾಲ್ ಆಟದ ಗಂಧಗಾಳಿ ಇಲ್ಲ, ಹಾಗಾಗಿ ಇಲ್ಲಿ ಬಂದು ತೋಡಿಕೊಳ್ಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹಿನ್ನೆಲೆ. ನಾನಿರುವುದು ವೆಸ್ಟ್ ಪಾಯಿಂಟ್‌ನಿಂದ ಒಂದು ಗಂಟೆ ದೂರದಲ್ಲಿ. ಅಲ್ಲಿನ ಸೇನಾ ಕಾಲೇಜಿನ ತಂಡವನ್ನು ಎಲ್ಲರೂ ಸುಮ್ನೆ 'ಆರ್ಮಿ' ಅನ್ನುತ್ತಾರೆ. ನೌಕಾಪಡೆ ಕಾಲೇಜಿನ ತಂಡ 'ನೇವಿ', ನಮ್ಮ ಹಳೇ ಎದುರಾಳಿ. ಈ ವರ್ಷ ಅವರು ಮೊದಲ 9 ಪಂದ್ಯ ಸಾಲಾಗಿ ಗೆದ್ದರು. 1996ರ ನಂತರ ಇಂಥ ಶುರು ಆಗಿರಲಿಲ್ಲ. ಹೋದ ವರ್ಷದ ಕೊನೆಯ 4 ಸೇರಿಸಿದರೆ ಸತತ 13. ಡಿಸೆಂಬರ್ 6ಕ್ಕೆ ತುಲೇನ್ ತಂಡವನ್ನು 35-14ರಿಂದ ಸೋಲಿಸಿ ಅಮೆರಿಕನ್ ಕಾನ್ಫರೆನ್ಸ್ (ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜು ತಂಡಗಳ ಗುಂಪು) ಕಪ್ ಎತ್ತಿದರು. 1890ರಿಂದ ಆಡುತ್ತಿರುವ ತಂಡಕ್ಕೆ ಇದು ಮೊಟ್ಟಮೊದಲ ಕಾನ್ಫರೆನ್ಸ್ ಕಿರೀಟ. ಆ ಕಾನ್ಫರೆನ್ಸ್‌ಗೆ ಸೇರಿದ್ದೇ ಈ ವರ್ಷ!

ಸೋತಿದ್ದು ಎರಡೇ. ನವೆಂಬರ್ 23ರಂದು ಯಾಂಕೀ ಸ್ಟೇಡಿಯಂನಲ್ಲಿ ನೋಟರ್ ಡೇಮ್ ಕೈಲಿ 49-14. ಅದನ್ನು ನುಂಗಿಕೊಂಡೆ. ಎರಡನೆಯದು ನಿನ್ನೆಯದು. ಇದು ಗಂಟಲಲ್ಲೇ ಸಿಕ್ಕಿಕೊಂಡಿದೆ. ಈಗ ನೀವೇ ಹೇಳಿ, ಈ ಸೀಸನ್‌ಗೆ ಏನಂತ ಹೆಸರಿಡೋದು?

ಕಬಡ್ಡಿ_ಮೇಷ್ಟ್ರು · 15 ಡಿಸೆಂಬರ್

ಸರ್, ನಾನು ಮಂಡ್ಯದವನು, ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯೋದು ಅಂತ ತಿಳಿದಿದ್ದವನು. ನೀವು ಹೇಳಿದ ಮೇಲೆ ಮೊಬೈಲಲ್ಲಿ ಹತ್ತು ನಿಮಿಷ ನೋಡಿದೆ. ಒಬ್ಬನೂ ಕಾಲು ತಾಗಿಸಲಿಲ್ಲ. ಎಲ್ಲರೂ ಒಬ್ಬನ ಮೇಲೆ ಬಿದ್ದರು, ಎದ್ದರು, ಮತ್ತೆ ಬಿದ್ದರು. ಎರಡು ಪ್ರಶ್ನೆ. ಆಟ ಏನು? ಮತ್ತೆ ಸೈನ್ಯದ ಕಾಲೇಜು ಅಂದರೆ ನಮ್ಮ ಖಡಕ್ವಾಸ್ಲಾ ತರಾನಾ?

ಹಡ್ಸನ್‌ದಂಡೆ · 15 ಡಿಸೆಂಬರ್

ಮೇಷ್ಟ್ರೇ, ಎರಡನೆಯದು ಸುಲಭ. ನಮ್ಮಲ್ಲಿ ಖಡಕ್ವಾಸ್ಲಾದಲ್ಲಿ 3 ವರ್ಷ, ಆಮೇಲೆ ಡೆಹ್ರಾಡೂನ್‌ನಲ್ಲಿ 1 ವರ್ಷ ಅಲ್ವಾ? ಅವೆರಡನ್ನೂ ಒಟ್ಟಿಗೆ ಹಾಕಿದರೆ ವೆಸ್ಟ್ ಪಾಯಿಂಟ್. 4 ವರ್ಷ ಓದು, ಡಿಗ್ರಿ, ಹೊರಗೆ ಬಂದರೆ ಸೆಕೆಂಡ್ ಲೆಫ್ಟಿನೆಂಟ್. ಆಮೇಲೆ ಕನಿಷ್ಠ 5 ವರ್ಷ ಸೇವೆ. ನೇವಿಯವರ ಕಾಲೇಜು ಅನಾಪೊಲಿಸ್‌ನಲ್ಲಿ.

ಆಟದ ಬಗ್ಗೆ: ನಾಲ್ಕು ಯತ್ನದಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಇಂಚಿಂಚು ತಳ್ಳಿಕೊಂಡು ಕೊನೆ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ, ಆಮೇಲೆ ಒದ್ದರೆ ಇನ್ನೊಂದು. ಕಾಲು ಬರುವುದು ಅಲ್ಲಿ.

ಡಲ್ಲಾಸ್_ಅಕ್ಕ · 15 ಡಿಸೆಂಬರ್

ನನ್ನ ಮಗ ಇಲ್ಲಿ ಹೈಸ್ಕೂಲ್ ತಂಡದಲ್ಲಿ ಆಡುತ್ತಾನೆ, ಹಾಗಾಗಿ ಪ್ರತಿ ಶುಕ್ರವಾರ ರಾತ್ರಿ ನನ್ನ ಪಾಡು ಅದೇ ಬೆಂಚು, ಅದೇ ಕಂಬಳಿ. ಮೇಷ್ಟ್ರಿಗೆ ಕಬಡ್ಡಿ ಭಾಷೆಯಲ್ಲಿ ಹೇಳ್ತೀನಿ.

ಬೇರೆ ತಂಡಗಳು ಚೆಂಡನ್ನು ದೂರಕ್ಕೆ ಎಸೆಯುತ್ತವೆ. ಆರ್ಮಿ ಎಸೆಯುವುದೇ ಅಪರೂಪ. ಅವರದು 'ಆಪ್ಷನ್' ಆಟ. ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್, ಅವನ ಕೈಯಲ್ಲಿ ಚೆಂಡಿದೆ. ಎದುರು ತಂಡದ ಒಬ್ಬನನ್ನು ಬೇಕಂತಲೇ ಯಾರೂ ತಡೆಯುವುದಿಲ್ಲ. ಅವನು ಒಳಗೆ ನುಗ್ಗಿದರೆ ಇವನು ಚೆಂಡು ಹಿಡಿದು ಹೊರಗೆ ಓಡುತ್ತಾನೆ. ಅವನು ಹೊರಗೆ ಕಾದರೆ ಪಕ್ಕದವನ ಹೊಟ್ಟೆಗೆ ಚೆಂಡು ತುರುಕಿ ಬಿಡುತ್ತಾನೆ. ಇಲ್ಲಾಂದರೆ ಕೊನೇ ಗಳಿಗೆಯಲ್ಲಿ ಬದಿಗೆ ಎಸೆಯುತ್ತಾನೆ. ನಿಮ್ಮ ರೈಡರ್ ಎದುರಿನ ಕಾರ್ನರ್‌ನವನ ಕಾಲು ನೋಡಿ ನಿರ್ಧಾರ ಮಾಡ್ತಾನಲ್ಲ, ಹಾಗೇ. ಅವನು ಏನು ಮಾಡಿದರೂ ತಪ್ಪೇ ಆಗಬೇಕು.

ಯಾಕೆ ಹೀಗೆ ಆಡ್ತಾರೆ ಗೊತ್ತಾ? ದೈತ್ಯರಂಥ ಹುಡುಗರು ಇವರಿಗೆ ಸಿಗಲ್ಲ. ಸೇನೆಗೆ ಸೇರಬೇಕಾದವರು, ತೂಕಕ್ಕೆ ಮಿತಿ ಇದೆ. ಮುಂದಿನ ಸಾಲಿನ ಹುಡುಗರು ಕೊನೇ ಪಂದ್ಯ ಮುಗಿದ ಮೇಲೆ ಊಟ ಕಮ್ಮಿ ಮಾಡಿ ತೂಕ ಇಳಿಸಬೇಕು, ಇಲ್ಲದಿದ್ದರೆ ಅಧಿಕಾರಿಯಾಗೋಕೆ ಆಗಲ್ಲ. ಮೂರು ವರ್ಷ ತಿನ್ನು ತಿನ್ನು ಅಂದವರೇ ನಾಲ್ಕನೇ ವರ್ಷ ತಟ್ಟೆ ಕಿತ್ತುಕೊಂಡ ಹಾಗೆ.

ಎರಡನೇ_ಕಾಫಿ · 16 ಡಿಸೆಂಬರ್

ಕ್ಷಮಿಸಿ, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಆ 9 ಗೆಲುವು ಯಾರ ಮೇಲೆ? ಲೀಹೈ 42-7, ಫ್ಲೋರಿಡಾ ಅಟ್ಲಾಂಟಿಕ್ 24-7, ರೈಸ್ 37-14, ಟೆಂಪಲ್ 42-14, ಟಲ್ಸಾ 49-7, ಯುಎಬಿ 44-10. ಇವರಲ್ಲಿ ಯಾರೂ ದೊಡ್ಡ ಹುಲಿಗಳಲ್ಲ. ನಿಜವಾದ ಮೊದಲ ಪರೀಕ್ಷೆ ನೋಟರ್ ಡೇಮ್. ಅಲ್ಲಿ 49 ಹೊಡೆಸಿಕೊಂಡರು. ವೇಳಾಪಟ್ಟಿ ನೋಡಿ ಬೀಗಬೇಡಿ ಅಷ್ಟೇ.

ಹಡ್ಸನ್‌ದಂಡೆ · 16 ಡಿಸೆಂಬರ್

ಕಾಫಿಯವರೇ, ನೀವು ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ನೀವು ಬೇಕಂತಲೇ ಬಿಟ್ಟ ಒಂದು ಪಂದ್ಯ ಇದೆ. ನವೆಂಬರ್ 9, ನಾರ್ತ್ ಟೆಕ್ಸಸ್ ಅಂಗಳದಲ್ಲಿ. ಫಲಿತಾಂಶ 14-3. ಅಂಕಪಟ್ಟಿ ನೋಡಿದರೆ ಆಕಳಿಕೆ ಬರುತ್ತೆ. ನಾನು ಆ ಪಂದ್ಯಕ್ಕೋಸ್ಕರ ಈ ಸೀಸನ್ ನೆನಪಿಟ್ಟುಕೊಳ್ಳುತ್ತೇನೆ.

ಹಿಂದಿನ ವಾರ ವಾಯುಪಡೆ ಕಾಲೇಜಿನ ತಂಡ ಏರ್ ಫೋರ್ಸ್ ಮೇಲೆ ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ ಆಡಿರಲಿಲ್ಲ. ಡಿವೇನ್ ಕೋಲ್‌ಮನ್ ಅಂತ ಹುಡುಗ ನಿಂತು 20-3 ಗೆಲ್ಲಿಸಿದ. ನಾರ್ತ್ ಟೆಕ್ಸಸ್‌ಗೆ ಡೇಲಿ ವಾಪಸ್. ಎದುರಾಳಿ ಯಾರು? ನೋಡ್ತಾ ನೋಡ್ತಾ ರಾಶಿ ಅಂಕ ಹೊಡೆಯೋ ತಂಡ. ಅವರ ಕೈಗೆ ಚೆಂಡು ಸಿಕ್ಕರೆ ಅಪಾಯ. ಹಾಗಾದರೆ ಏನು ಮಾಡೋದು? ಚೆಂಡನ್ನೇ ಕೊಡದಿರೋದು.

ಆರ್ಮಿ ತನ್ನ ಗೆರೆಯ ಹತ್ತಿರದಿಂದ ಹೊರಟಿತು. ಎರಡು ಗಜ. ನಾಲ್ಕು ಗಜ. ಮೂರು ಗಜ. ಮತ್ತೆ ನಾಲ್ಕು. ಪ್ರತಿ ಸಲ ಎದ್ದು, ಮೈ ಕೊಡವಿ, ಗಡಿಯಾರ ಕೊನೆಯವರೆಗೆ ಓಡಲು ಬಿಟ್ಟು, ಆಮೇಲೆ ಮುಂದಿನ ಯತ್ನ. ನಾನು ಮಧ್ಯೆ ಎದ್ದು ಹೋಗಿ ಹಾಲು ಕಾಯಿಸಿ, ಕಾಫಿ ಬೆರೆಸಿ, ಕುಡಿದು, ಲೋಟ ತೊಳೆದಿಟ್ಟು ಬಂದೆ. ಚೆಂಡು ಇನ್ನೂ ಇವರ ಹತ್ತಿರವೇ ಇತ್ತು! 21 ಯತ್ನ, 94 ಗಜ, 13 ನಿಮಿಷ 54 ಸೆಕೆಂಡ್. ಕೊನೆಗೆ ಟಚ್‌ಡೌನ್. ಒಂದು ಕ್ವಾರ್ಟರ್ ಅಂದರೆ 15 ನಿಮಿಷ, ಲೆಕ್ಕ ಹಾಕಿ. ಎದುರು ತಂಡದ ಹುಡುಗರು ಅಷ್ಟು ಹೊತ್ತು ಬೆಂಚಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಕಬಡ್ಡಿ_ಮೇಷ್ಟ್ರು · 16 ಡಿಸೆಂಬರ್

ಅರೆ, ಇದು ನಮ್ಮ ಹುಡುಗರ ಆಟವೇ. ಎರಡು ಪಾಯಿಂಟ್ ಮುಂದೆ ಇದ್ದು ಮೂರು ನಿಮಿಷ ಉಳಿದಾಗ ರೈಡರ್ ಗೆರೆ ಹತ್ತಿರವೇ ಸುಮ್ನೆ ತಿರುಗಾಡಿ ಬರ್ತಾನಲ್ಲ! ಪ್ರೇಕ್ಷಕರು ಬೈತಾರೆ, ಕೋಚ್ ಮಾತ್ರ ನಗ್ತಾನೆ.

ಕರಾವಳಿಯವ · 16 ಡಿಸೆಂಬರ್

ಮಾರಾಯ್ರೆ, 14 ನಿಮಿಷ ಚೆಂಡು ಕೊಡದೆ ಆಡುವುದು ಅಂದ್ರೆ ಯಕ್ಷಗಾನದಲ್ಲಿ ಭಾಗವತರು ಒಂದೇ ಪದ ಎಳೆದ ಹಾಗಾಯ್ತು. ಇಷ್ಟ ಇದ್ದವರಿಗೆ ಸ್ವರ್ಗ, ಇಲ್ಲದವರಿಗೆ ನಿದ್ದೆ.

ನೇವಿ_ನೀಲಿ · 16 ಡಿಸೆಂಬರ್

ಮೇರಿಲ್ಯಾಂಡ್‌ನಿಂದ ನಮಸ್ಕಾರ. ನಾನು 11 ವರ್ಷದಿಂದ ಅನಾಪೊಲಿಸ್ ಪಕ್ಕದಲ್ಲೇ ಇದ್ದೇನೆ. ಯಾವ ಕಡೆ ಅಂತ ಹೆಸರೇ ಹೇಳುತ್ತೆ.

ಹಡ್ಸನ್‌ದಂಡೆಯವರ ಪ್ರಶ್ನೆಗೆ ನನ್ನ ಉತ್ತರ: ಸೋತಂತೆ. ಕಾನ್ಫರೆನ್ಸ್ ಕಪ್ ಇಟ್ಟುಕೊಳ್ಳಿ, ಒಳ್ಳೆಯದಾಗಲಿ. ಆದರೆ ವೆಸ್ಟ್ ಪಾಯಿಂಟ್‌ನ ಗೋಡೆ, ಮಾಳಿಗೆಗಳ ಮೇಲೆ ಏನಂತ ಬರೆದಿದ್ದಾರೆ? 'ತುಲೇನ್ ಸೋಲಿಸಿ' ಅಂತಾನಾ? 'ನೇವಿ ಸೋಲಿಸಿ' ಅಂತ ತಾನೆ?

ಮಜಾ ನೋಡಿ. ಇದೇ ವರ್ಷ ತುಲೇನ್ ನಮ್ಮನ್ನು 35-0 ಹೊಡೆದಿತ್ತು. ರೈಸ್ ನಮ್ಮನ್ನು 24-10. ಇಬ್ಬರನ್ನೂ ಆರ್ಮಿ ಲೀಲಾಜಾಲವಾಗಿ ಸೋಲಿಸಿತ್ತು. ಲೆಕ್ಕದ ಪ್ರಕಾರ ನಾವು ಗೆಲ್ಲೋ ಮಾತೇ ಇರಲಿಲ್ಲ. ಆದರೆ ನಮ್ಮ ಬ್ಲೇಕ್ ಹೋರ್ವಾತ್ ಒಬ್ಬನೇ 204 ಗಜ ಓಡಿದ. ಇನ್ನೊಂದು ಹೇಳಲೇಬೇಕು: ಚೆಂಡನ್ನು ಒದ್ದು ಬಿಟ್ಟುಕೊಡುತ್ತೇವೆ ಅಂತ ನಿಂತು, ಒದೆಯದೆ, ನಮ್ಮ ದಢೂತಿ ಲ್ಯಾಂಡನ್ ರಾಬಿನ್ಸನ್ ಕೈಗೆ ಕೊಟ್ಟೆವು. ಅವನ ಕೆಲಸ ಎದುರಾಳಿಯ ಮಧ್ಯದಲ್ಲಿ ಬಂಡೆ ತರ ನಿಲ್ಲೋದು. ಆ ಬಂಡೆ 29 ಗಜ ಓಡಿತು! ನನ್ನ ಹೆಂಡತಿಗೆ ಆಟ ಗೊತ್ತಿಲ್ಲ, ಅವಳೂ ಸೋಫಾದಿಂದ ಎದ್ದಳು.

ಈಗ ಒಟ್ಟು ಲೆಕ್ಕ ನೇವಿ 63, ಆರ್ಮಿ 55, ಸಮ 7. ಸುಮ್ನೆ ನೆನಪಿಸಿದೆ.

ಹಡ್ಸನ್‌ದಂಡೆ · 16 ಡಿಸೆಂಬರ್

ಉಪ್ಪು ಸವರಿದ್ದಕ್ಕೆ ಧನ್ಯವಾದ ಸ್ವಾಮಿ.

ಎರಡನೇ_ಕಾಫಿ · 17 ಡಿಸೆಂಬರ್

ಒಂದು ವಿಚಿತ್ರ ಗಮನಿಸಿದ್ದೀರಾ? ಈಗ ಆರ್ಮಿ, ನೇವಿ ಎರಡೂ ಒಂದೇ ಕಾನ್ಫರೆನ್ಸ್. ಆದರೂ ಅವರಿಬ್ಬರ ಪಂದ್ಯ ಕಾನ್ಫರೆನ್ಸ್ ಲೆಕ್ಕಕ್ಕೆ ಇಲ್ಲ! ಎಲ್ಲ ಮುಗಿದ ಮೇಲೆ ಡಿಸೆಂಬರ್ ಎರಡನೇ ಶನಿವಾರ ಒಂಟಿಯಾಗಿ ನಡೆಯುತ್ತೆ. ರಾಷ್ಟ್ರೀಯ ಕಪ್‌ಗೆ ಆಡೋ ತಂಡಗಳ ಪ್ಲೇಆಫ್ ಪಟ್ಟಿ ಅಷ್ಟರಲ್ಲಿ ಬಂದಾಗಿರುತ್ತೆ. ಲೆಕ್ಕಕ್ಕಿಲ್ಲದ ಪಂದ್ಯಕ್ಕೆ ಇಷ್ಟು ಅಳು ಯಾಕೆ?

ಕೂಡಿಗೆ_ಹುಡುಗ · 17 ಡಿಸೆಂಬರ್

ಲೆಕ್ಕಕ್ಕಿಲ್ಲದ ಪಂದ್ಯಕ್ಕೇ ಅಳು ಬರೋದು ಸರ್.

ನಾನು ಕೊಡಗಿನ ಸೈನಿಕ ಶಾಲೆಯಲ್ಲಿ ಓದಿದವನು. ಅಮೆರಿಕದ ಆಟ ನನಗೆ ಅಷ್ಟಕ್ಕಷ್ಟೆ. ಆದರೆ ಈ ಹುಚ್ಚು ಗೊತ್ತು. ನಮ್ಮಲ್ಲಿ ಹೌಸ್‌ಗಳ ನಡುವೆ ಕ್ರಾಸ್‌ಕಂಟ್ರಿ ಓಟ ಇರುತ್ತಿತ್ತು. ನಾನು ಓಟದಲ್ಲಿ ತೀರಾ ಹಿಂದೆ. ಒಂದು ಸಲ ಕಾಲು ಉಳುಕಿತು, ಕುಂಟುತ್ತಾ ಬರ್ತಿದ್ದೆ. ಮುಂದೆ ಹೋದ ಸೀನಿಯರ್ ಒಬ್ಬರು ವಾಪಸ್ ಓಡಿಬಂದು ನನ್ನ ಪಕ್ಕದಲ್ಲೇ ಬೈಯುತ್ತಾ ಬೈಯುತ್ತಾ ಗೆರೆ ದಾಟಿಸಿದರು. ಅವರು ಹೇಳಿದ ಮಾತುಗಳನ್ನು ಇಲ್ಲಿ ಬರೆಯೋ ಹಾಗಿಲ್ಲ. ಹೌಸ್ ಐದನೆಯದೋ ಆರನೆಯದೋ ಬಂತು. ಇವತ್ತು ಪರೀಕ್ಷೆಯ ಮಾರ್ಕ್ಸ್ ನೆನಪಿಲ್ಲ, ಆ ಸಂಜೆ ನೆನಪಿದೆ.

ನನಗೊಂದು ಪ್ರಶ್ನೆ. ಪಂದ್ಯ ಮುಗಿದ ಮೇಲೆ ಎರಡೂ ತಂಡ ಒಟ್ಟಿಗೆ ನಿಂತು ಹಾಡುತ್ತಾರಂತೆ, ನಿಜವಾ?

ಡಲ್ಲಾಸ್_ಅಕ್ಕ · 17 ಡಿಸೆಂಬರ್

ನಿಜ. ಮೊದಲು ಸೋತ ಕಾಲೇಜಿನ ಕೆಡೆಟ್‌ಗಳ ಎದುರು ಎರಡೂ ತಂಡ ನಿಂತು ಅವರ ಹಾಡು ಹಾಡುತ್ತವೆ. ಆಮೇಲೆ ಎಲ್ಲರೂ ನಡೆದು ಆ ಕಡೆ ಹೋಗಿ ಗೆದ್ದವರ ಹಾಡು. ಅದಕ್ಕೇ ಅಲ್ಲಿ ಯಾರೂ 'ಗೆಲ್ತೀವಿ' ಅನ್ನಲ್ಲ, 'ಎರಡನೆಯದಾಗಿ ಹಾಡ್ತೀವಿ' ಅಂತಾರೆ. ಶನಿವಾರ ಆರ್ಮಿ ಮೊದಲು ಹಾಡಿತು. ಡೇಲಿಯ ಮುಖ ಕ್ಯಾಮೆರಾದಲ್ಲಿ ನೋಡೋಕೆ ಆಗಲಿಲ್ಲ ನನಗೆ. ಪಶ್ಚಿಮ ಟೆಕ್ಸಸ್‌ನ ಅಬರ್ನಥಿ ಅನ್ನೋ ಪುಟ್ಟ ಊರಿನ ಹುಡುಗ, ನಮ್ಮ ರಾಜ್ಯದವನು ಬೇರೆ.

ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ ಮತದಲ್ಲಿ ಅವನಿಗೆ ಆರನೇ ಸ್ಥಾನ ಬಂತು. ಚೆಂಡು ಎಸೆಯದ ಕ್ವಾರ್ಟರ್‌ಬ್ಯಾಕ್‌ಗೆ ಅದು ಸಣ್ಣದಲ್ಲ.

ಕರಾವಳಿಯವ · 18 ಡಿಸೆಂಬರ್

ನೀವೆಲ್ಲ 1996ರಿಂದ ಶುರು ಮಾಡ್ತೀರಿ. ನನ್ನ ಮಾವ ಅಮೆರಿಕದಲ್ಲೇ ಮುದುಕರಾದವರು. ಅವರಿಗೆ ಆರ್ಮಿ ಅಂದರೆ 1944, 45, 46. ಕೋಚ್ ಅರ್ಲ್ ಬ್ಲೇಕ್. ಡಾಕ್ ಬ್ಲಾಂಚಾರ್ಡ್ ಮಧ್ಯದಲ್ಲಿ ನುಗ್ಗುವವ, ಗ್ಲೆನ್ ಡೇವಿಸ್ ಬದಿಯಿಂದ ಹಾರುವವ. ಒಬ್ಬನಿಗೆ 1945ರ ಹೈಸ್ಮನ್, ಇನ್ನೊಬ್ಬನಿಗೆ 1946ರದ್ದು. ಮೂರು ವರ್ಷ ಒಂದೂ ಸೋಲಿಲ್ಲ. ಒಂದೇ ಒಂದು ಸಮ, 1946ರ ನವೆಂಬರ್ 9, ಯಾಂಕೀ ಸ್ಟೇಡಿಯಂನಲ್ಲಿ ನೋಟರ್ ಡೇಮ್ ಎದುರು 0-0. ಆಗಿನ ಸ್ಟೇಡಿಯಂ ಈಗಿಲ್ಲ, ಪಕ್ಕದಲ್ಲಿ ಹೊಸದು ಕಟ್ಟಿದ್ದಾರೆ. ಮಾವ ಮೊನ್ನೆ ನವೆಂಬರ್‌ನ ನೋಟರ್ ಡೇಮ್ ಪಂದ್ಯದಲ್ಲಿ ಹಳೇ ಸೇಡು ತೀರುತ್ತೆ ಅಂತ ಕೂತಿದ್ದರು. ಅರ್ಧಕ್ಕೇ ಟಿವಿ ಆಫ್ ಮಾಡಿ ಮಲಗಿದರಂತೆ. ಆರ್ಮಿ ನೋಟರ್ ಡೇಮ್ ತಂಡವನ್ನು ಕೊನೇ ಸಲ ಸೋಲಿಸಿದ್ದು 1958ರಲ್ಲಿ ಅಲ್ವಾ.

ಹಡ್ಸನ್‌ದಂಡೆ · 18 ಡಿಸೆಂಬರ್

ಹೌದು, 1958. ಆದರೆ ನನ್ನ ಮನಸ್ಸಿನಲ್ಲಿರೋ ವರ್ಷ ಬೇರೆ. 2003. ಆಡಿದ್ದು 13, ಸೋತಿದ್ದು 13. ಆಗಲೂ ಒಂದು ಕಾನ್ಫರೆನ್ಸ್‌ಗೆ ಸೇರಿದ್ದರು, 1998ರಿಂದ. ಪೆಟ್ಟು ತಿಂದು ತಿಂದು 2004ರ ನಂತರ ಹೊರಗೆ ಬಂದು 19 ವರ್ಷ ಒಂಟಿಯಾಗಿ ಆಡಿದರು. ನೇವಿ ಕೈಲಿ 2002ರಿಂದ 2015ರವರೆಗೆ ಸತತ 14 ಸೋಲು. 2014ರಲ್ಲಿ ಬಂದ ಜೆಫ್ ಮಾಂಕೆನ್ 2016ರಲ್ಲಿ ಆ ಸರಪಳಿ ಕಡಿದರು.

ಹಾಗಾಗಿ ಈ ಸಲ ಮತ್ತೆ ಕಾನ್ಫರೆನ್ಸ್ ಸೇರ್ತಾರೆ ಅಂದಾಗ ನನ್ನಂಥವರಿಗೆ ಎದೆ ಡವಡವ. ಸುಟ್ಟ ಕೈ ಅದು. ಎರಡನೇ ಕಾಫಿಯವರು 'ದುರ್ಬಲ ತಂಡಗಳು' ಅಂದರು. 20 ವರ್ಷದ ಹಿಂದೆ ಆ ದುರ್ಬಲ ತಂಡ ನಾವೇ ಆಗಿದ್ದೆವು ಸ್ವಾಮಿ.

ತುಲೇನ್ ಪಂದ್ಯಕ್ಕೆ ನಾನು ಹೋಗಿದ್ದೆ. ಮೈಕಿ ಸ್ಟೇಡಿಯಂ ಲಸ್ಕ್ ಜಲಾಶಯದ ದಂಡೆಯಲ್ಲಿದೆ. 1890ರಲ್ಲಿ ಮೊದಲ ತಂಡ ಕಟ್ಟಿದ ಡೆನಿಸ್ ಮೈಕಿ ಹೆಸರು ಅದಕ್ಕೆ. ಅವನು 1898ರ ಯುದ್ಧದಲ್ಲಿ ಕ್ಯೂಬಾದಲ್ಲಿ ಸತ್ತ. ಸೇನೆಯ ಜಾಗ ಆದ್ದರಿಂದ ಗೇಟಲ್ಲಿ ತಪಾಸಣೆ. ಕಾರು ನಿಲ್ಲಿಸಿದ ಕಡೆ ಪಕ್ಕದವರು ಡಿಕ್ಕಿ ತೆರೆದು ಒಲೆ ಹಚ್ಚಿ ಮಾಂಸ ಸುಡುತ್ತಿದ್ದರು. ನಾವು ಪುಳಿಯೋಗರೆ ಡಬ್ಬಿ ತೆರೆದೆವು. ಅವರು ಮೂಸಿ ನೋಡಿ ಎರಡು ಚಮಚ ಕೇಳಿ ತಿಂದರು. ಡಿಸೆಂಬರ್ ರಾತ್ರಿ, ಬೆರಳು ಮರಗಟ್ಟಿತ್ತು. ಕೆಡೆಟ್‌ಗಳು ಉದ್ದದ ಬೂದು ಕೋಟು ಹಾಕಿ ಇಡೀ ಪಂದ್ಯ ನಿಂತೇ ಇದ್ದರು.

ಆರ್ಮಿ ಅಂಕ ಗಳಿಸಿದಾಗೆಲ್ಲ ಒಟ್ಟು ಅಂಕದಷ್ಟು ದಂಡ ಹೊಡೆಯೋ ಸಂಪ್ರದಾಯ ಇದೆ. 7, ಆಮೇಲೆ 14, ಆಮೇಲೆ 21. ಆ ರಾತ್ರಿ 35 ಆಯಿತು. ಕೂಡಿಸಿದರೆ 105! ಐದರಲ್ಲಿ ನಾಲ್ಕು ಟಚ್‌ಡೌನ್ ಡೇಲಿಯದೇ. ಕೊನೇ ಸುತ್ತಿನಲ್ಲಿ ಎಣಿಸುವ ದನಿ ಮುಂದೆ, ಕೈಗಳು ಹಿಂದೆ. 28 ಆದಮೇಲೆ ಒಬ್ಬ ಹುಡುಗ ಹೊಟ್ಟೆಯ ಮೇಲೆ ಬಿದ್ದು ನಗುತ್ತಾ ಹಾಗೇ ಮಲಗಿಬಿಟ್ಟ.

ಎರಡನೇ_ಕಾಫಿ · 19 ಡಿಸೆಂಬರ್

ಸರಿ, 2003 ಗೊತ್ತಿರಲಿಲ್ಲ. ಮಾತು ಸ್ವಲ್ಪ ವಾಪಸ್ ತಗೊಂಡೆ. ಸ್ವಲ್ಪ ಮಾತ್ರ.

ಅಂದಹಾಗೆ ಈ ವರ್ಷದ ಜೋ ಮೂರ್ ಪ್ರಶಸ್ತಿ ಆರ್ಮಿಯ ಮುಂದಿನ ಸಾಲಿಗೆ ಬಂದಿದೆ. ದೇಶದ ಅತ್ಯುತ್ತಮ ತಡೆಗೋಡೆಗೆ ಕೊಡೋ ಪ್ರಶಸ್ತಿ. ಸೇನಾ ಕಾಲೇಜಿಗೆ ಇದೇ ಮೊದಲು. ತೂಕಕ್ಕೆ ಮಿತಿ ಇರೋ ಹುಡುಗರಿಗೆ! ಇದಕ್ಕೆ ಟೋಪಿ ತೆಗೀತೀನಿ.

ಹಡ್ಸನ್‌ದಂಡೆ · 29 ಡಿಸೆಂಬರ್

ಶ್ರೀವ್‌ಪೋರ್ಟ್‌ನಲ್ಲಿ ಇಂಡಿಪೆಂಡೆನ್ಸ್ ಬೌಲ್ ಮುಗಿಯಿತು (ಬೌಲ್ ಅಂದರೆ ಸೀಸನ್ ಕೊನೆಗೆ ಆಡೋ ಆಹ್ವಾನ ಪಂದ್ಯ). ಲೂಯಿಸಿಯಾನಾ ಟೆಕ್ ಮೇಲೆ 27-6. ಮೊದಲು ಮಾರ್ಷಲ್ ಅನ್ನೋ ತಂಡ ಬರಬೇಕಿತ್ತು. ಅವರ ಕೋಚ್ ಬೇರೆ ಕಡೆ ಹೋದ, ಹಿಂದೆಯೇ ಆಟಗಾರರು ಹೋದರು, ತಂಡವೇ ಹಿಂದೆ ಸರಿಯಿತು. ಒಟ್ಟು 12-2. ಒಂದೇ ವರ್ಷದಲ್ಲಿ 12 ಗೆಲುವು, ಕಾಲೇಜಿನ ದಾಖಲೆ.

ಡೇಲಿ ಇನ್ನೂ ಮೂರು ಟಚ್‌ಡೌನ್ ಓಡಿ 32ಕ್ಕೆ ಮುಟ್ಟಿದ. ಕ್ವಾರ್ಟರ್‌ಬ್ಯಾಕ್ ಒಬ್ಬ ಒಂದು ಸೀಸನ್‌ನಲ್ಲಿ ಓಡಿ ಗಳಿಸಿದ್ದರಲ್ಲಿ ಇದೇ ಜಾಸ್ತಿ. ಹಿಂದಿನ ದಾಖಲೆ ಯಾರದ್ದು ಅಂತ ನೇವಿ_ನೀಲಿ ಅವರೇ ಹೇಳಲಿ.

ನೇವಿ_ನೀಲಿ · 29 ಡಿಸೆಂಬರ್

ನಮ್ಮ ಕೀನನ್ ರೆನಾಲ್ಡ್ಸ್, 2013, 31 ಟಚ್‌ಡೌನ್. ಆಯ್ತು ಬಿಡಿ, ಅದು ಮನೆಯೊಳಗೇ ಉಳಿಯಿತು. ಆದರೆ ಮೊನ್ನೆ ನಾವೂ ಒಕ್ಲಹೋಮಾವನ್ನು 21-20ರಿಂದ ಸೋಲಿಸಿದೆವು, ನೋಡಿದ್ರಾ?

ಡಲ್ಲಾಸ್_ಅಕ್ಕ · 30 ಡಿಸೆಂಬರ್

ಆರ್ಮಿಯ ಕಾನ್ಯೆ ಉಡೋ ಬೌಲ್‌ನಲ್ಲಿ ಆಡಲಿಲ್ಲ, ಯಾರೂ ಅದರ ಬಗ್ಗೆ ಮಾತಾಡ್ತಿಲ್ಲ. 1,117 ಗಜ ಓಡಿದ ಹುಡುಗ ಕಾಲೇಜು ಬಿಟ್ಟು ಹೊರಟ. ಇಲ್ಲಿನ ಕೆಲವರು ದ್ರೋಹಿ ಅಂತ ಬರೀತಿದ್ದಾರೆ. ನನಗೆ ಸರಿ ಅನ್ನಿಸಲಿಲ್ಲ.

ಎರಡು ವರ್ಷ ಮುಗಿಸಿ ಮೂರನೇ ವರ್ಷದ ಕ್ಲಾಸಿಗೆ ಕಾಲಿಡುವವರೆಗೂ ಬಿಟ್ಟು ಹೋಗಬಹುದು, ಯಾವ ಋಣವೂ ಇಲ್ಲ. ಅದಾದ ಮೇಲೆ ಸೇವೆಯ ಗಂಟು. ನಿಯಮವೇ ಕೊಟ್ಟ ಬಾಗಿಲು ಅದು. ಬೇರೆ ಕಾಲೇಜುಗಳಲ್ಲಿ ಆಟಗಾರರು ಜಾಹೀರಾತಿನಲ್ಲಿ ಲಕ್ಷಗಟ್ಟಲೆ ದುಡಿಯಬಹುದು. ಕೆಡೆಟ್‌ಗಳು ಸರ್ಕಾರಿ ಸಂಬಳದವರು, ಅವರಿಗೆ ಆ ದಾರಿ ಇಲ್ಲ. ಹತ್ತೊಂಬತ್ತು ಇಪ್ಪತ್ತು ವರ್ಷದ ಮಗು ಯೋಚನೆ ಮಾಡಿ ಹೊರಟರೆ ತಪ್ಪೇನು? ನನ್ನ ಮಗ ಆಗಿದ್ದರೆ ಏನು ಹೇಳ್ತಿದ್ದೆ ಅಂತ ನಿಜವಾಗಲೂ ಗೊತ್ತಿಲ್ಲ.

ಕೂಡಿಗೆ_ಹುಡುಗ · 30 ಡಿಸೆಂಬರ್

ಅಕ್ಕ, ಹೋದವನನ್ನು ಬೈಯೋದು ಬೇಡ. ಉಳಿದವರನ್ನು ಗಮನಿಸಿ. ಹೋದರೆ ದುಡ್ಡು ಸಿಗುತ್ತೆ ಅಂತ ಗೊತ್ತಿದ್ದೂ ಮೂರನೇ ವರ್ಷದ ಕ್ಲಾಸಿಗೆ ಹೋಗಿ ಕೂತವರು.

ಎರಡನೇ_ಕಾಫಿ · 21 ಜನವರಿ 2025

ನೋಟರ್ ಡೇಮ್ ನಿನ್ನೆ ರಾಷ್ಟ್ರೀಯ ಫೈನಲ್ ಆಡಿ ಒಹಾಯೊ ಸ್ಟೇಟ್‌ಗೆ 34-23ರಿಂದ ಸೋತಿತು. ಅಂದರೆ ಆರ್ಮಿಗೆ 49 ಹೊಡೆದವರು ದೇಶದಲ್ಲಿ ಎರಡನೆಯವರು. ನ್ಯಾಯವಾಗಿ ಇದನ್ನೂ ಇಲ್ಲಿ ದಾಖಲಿಸಬೇಕು ಅನ್ನಿಸಿತು. ನೇವಿಗೂ ಅವರು 51 ಹೊಡೆದಿದ್ದರು, ನೀಲಿಯವರು ಅದನ್ನು ಹೇಳಲೇ ಇಲ್ಲ.

ನೇವಿ_ನೀಲಿ · 21 ಜನವರಿ

ಯಾರೂ ಕೇಳಲಿಲ್ಲ.

ಕಬಡ್ಡಿ_ಮೇಷ್ಟ್ರು · 30 ಆಗಸ್ಟ್ 2025

ಹಳೇ ಚರ್ಚೆ ಎಬ್ಬಿಸ್ತಿದ್ದೀನಿ, ಕ್ಷಮಿಸಿ. ಈ ವರ್ಷ ನಾನೂ ಬೆಳಗಿನ ಜಾವ ಎದ್ದು ನೋಡೋಕೆ ಶುರು ಮಾಡಿದೆ. ಮೊದಲನೇ ಪಂದ್ಯದಲ್ಲೇ ಟಾರ್ಲ್‌ಟನ್ ಸ್ಟೇಟ್ ಅನ್ನೋ ಕೆಳಗಿನ ಹಂತದ ತಂಡಕ್ಕೆ ಮೈಕಿ ಸ್ಟೇಡಿಯಂನಲ್ಲೇ 30-27 ಸೋತರಲ್ಲ! ಅದೂ ಎರಡು ಹೆಚ್ಚುವರಿ ಅವಧಿ ಆಡಿ. ಹಡ್ಸನ್‌ದಂಡೆ ಸರ್ ಎಲ್ಲಿದ್ದೀರಿ?

ಹಡ್ಸನ್‌ದಂಡೆ · 30 ಆಗಸ್ಟ್

ಇದ್ದೀನಿ ಮೇಷ್ಟ್ರೇ. ಸ್ಟೇಡಿಯಂನಲ್ಲೇ ಇದ್ದೆ. ಪುಳಿಯೋಗರೆ ಡಬ್ಬಿ ಹಾಗೇ ವಾಪಸ್ ಬಂತು. ಮುಂದಿನ ವಾರ ಕ್ಯಾನ್ಸಸ್ ಸ್ಟೇಟ್ ಇದೆ, ಬೆಳಗಾಗೆದ್ದು ನೋಡಿ, ಫೋನ್ ಮಾಡ್ತೀನಿ.